ಗಾಬರಿಯಾಗಬೇಡಿ

ಹಿರಿಯೂರಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಆ ಮಧ್ಯಾಹ್ನ ಮೂವರಿದ್ದೆವು. ಹೆಡ್‌ಮೇಷ್ಟ್ರು ಊಟ ಮುಗಿಸಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದರು. ಎಂಟನೇ ತರಗತಿಯ ಕ್ಲಾಸ್ ಟೀಚರಾದ ಗಣಿತದ ಮೇಡಂ ಲ್ಯಾಪ್‌ಟಾಪಿನ ಮುಂದಿದ್ದರು. ಕನ್ನಡ ಮೇಷ್ಟ್ರಾದ ನಾನು ಕಿಟಕಿಯ ಬಳಿ ಮಜ್ಜಿಗೆ ಕುಡಿಯುತ್ತಿದ್ದೆ.

ಪೋಷಕರಿಗೆ ಇ-ಮೇಲ್ ಬರೆದುಕೊಡುವ ಎಐ ನಮ್ಮಲ್ಲಿಗೆ ಆ ವರ್ಷವಷ್ಟೇ ಬಂದಿತ್ತು. ನಾವು ಎರಡು ಮಾತು ಒರಟಾಗಿ ಹೇಳಿದರೂ ಅದು ತುಪ್ಪ ಸವರಿದ ಹಾಗೆ ಬರೆಯುತ್ತಿತ್ತು. "ಇದು ನನಗಿಂತ ಮರ್ಯಾದಸ್ಥ ಐತಲ್ರೀ ಮೇಷ್ಟ್ರೇ" ಎಂದು ಹೆಡ್‌ಮೇಷ್ಟ್ರು ನಗುತ್ತಿದ್ದರು.

ಅಂದು ಬೆಳಿಗ್ಗೆ ಮೇಡಂ ಒಬ್ಬ ಹುಡುಗಿಯ ಮನೆಗೆ ಮೇಲ್ ಕಳಿಸಿದ್ದರು. ಅವಳು ಧರ್ಮಪುರ ಕಡೆಯ ಕುರಿಗಾಹಿಗಳ ಮಗಳು, ಹಾಸ್ಟೆಲ್ಲಿನಲ್ಲಿದ್ದಳು. ಅಪ್ಪ ಅಮ್ಮ ಮಂದೆಯ ಜೊತೆ ಹೊಳಲ್ಕೆರೆ ಕಡೆ, ಮೆಕ್ಕೆಜೋಳ ಕೊಯ್ದ ಹೊಲಗಳಲ್ಲಿ ಬೀಡುಬಿಟ್ಟಿದ್ದರು. ಅವರಿಗೆಲ್ಲಿಯ ಇ-ಮೇಲ್? ಶಾಲೆಗೆ ಸೇರಿಸುವಾಗ ಹೊಸದುರ್ಗದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ, ಹುಡುಗಿಯ ಅಪ್ಪನ ಅಣ್ಣನ ಮಗನ ವಿಳಾಸ ಕೊಟ್ಟಿದ್ದರು. ಹುಡುಗಿಗೆ ಬೋರ್ಡು ಕಾಣಿಸುತ್ತಿರಲಿಲ್ಲ, ಕನ್ನಡಕ ಬೇಕಿತ್ತು. ವಿಷಯ ಇಷ್ಟೇ.

"ಉತ್ತರ ಬಂತು ಸಾರ್" ಎಂದರು ಮೇಡಂ, ಖುಷಿಯಿಂದ. "ಒಂದು ಕನ್ನಡಕಕ್ಕೆ ಮನೆಮಂದಿಯೆಲ್ಲ ಬರ್ತಿದ್ದಾರೆ, ನೋಡಿ."

ಬಗ್ಗಿ ಓದಿದೆ. "ಮೇಡಂ, ಎಲ್ರೂ ಹೊರಟಿದೀವಿ. ನಾವು ಬರೋವರೆಗೂ ಏನೂ ಮಾಡಬೇಡಿ."

ಅದರ ಕೆಳಗೆ ಎಐ ತಾನೇ ಸಿದ್ಧಮಾಡಿಟ್ಟಿದ್ದ ಮರುತ್ತರ. ಮೇಡಂ ಅದನ್ನು ಆಗಲೇ ಒತ್ತಿ ಕಳಿಸಿಬಿಟ್ಟಿದ್ದರು: "ಖಂಡಿತ. ನೀವು ಬರುವವರೆಗೂ ಕಾಯುತ್ತೇವೆ. ಧೈರ್ಯವಾಗಿರಿ."

ಮಜ್ಜಿಗೆಯ ಲೋಟ ಕೆಳಗಿಟ್ಟೆ. "ಮೊದಲು ಏನು ಬರೆದಿದ್ರಿ, ತೋರಿಸಿ" ಎಂದೆ.

"ನಾನು ಕನ್ನಡಕ ಅಂತಲೇ ಹೇಳಿದ್ದೆ ಸಾರ್. ಆರೋಗ್ಯದ ವಿಷಯ ಮೇಲ್‌ನಲ್ಲಿ ಬೇಡ, ಮುಖತಃ ಹೇಳಿ ಅಂತ ಎಐನೇ ಸಲಹೆ ಕೊಡ್ತು. ನನಗೂ ಸರಿ ಅನ್ನಿಸ್ತು."

ಪರದೆಯ ಮೇಲೆ ಹೀಗಿತ್ತು: "ನಿಮ್ಮ ಮಗಳ ಬಗ್ಗೆ ಮುಖತಃ ಮಾತನಾಡಬೇಕಿದೆ. ದಯವಿಟ್ಟು ಗಾಬರಿಯಾಗಬೇಡಿ. ಈ ಸಂದರ್ಭದಲ್ಲಿ ನಾವೆಲ್ಲ ನಿಮ್ಮೊಂದಿಗಿದ್ದೇವೆ. ಆದಷ್ಟು ಬೇಗ ಬನ್ನಿ."

ಮೇಡಂ ಕರಾವಳಿಯವರು, ನಮ್ಮ ಕಡೆಯ ಈ ಪದ್ಧತಿ ಅವರಿಗೆ ಗೊತ್ತಿರಲಿಲ್ಲ. ದೂರದಲ್ಲಿರುವವರಿಗೆ ಸಾವಿನ ಸುದ್ದಿಯನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಸ್ವಲ್ಪ ಹುಷಾರಿಲ್ಲ, ಗಾಬ್ರಿ ಆಗ್ಬ್ಯಾಡ, ಬಾ" ಎನ್ನುತ್ತಾರೆ. ಆ "ಗಾಬ್ರಿ ಆಗ್ಬ್ಯಾಡ" ಕಿವಿಗೆ ಬಿದ್ದೊಡನೆ ನಮ್ಮಜ್ಜಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಯಾರು ಎಂದು ಕೂಡ ಕೇಳುತ್ತಿರಲಿಲ್ಲ.

ಹೇಳಿದೆ. ಮೇಡಂ ಆ ಮೇಲನ್ನು ಮತ್ತೊಮ್ಮೆ ಓದಿದರು. ಹೆಡ್‌ಮೇಷ್ಟ್ರು ಎದ್ದು ಕುಳಿತರು. "ಫೋನ್ ಮಾಡ್ರಿ ಮೊದ್ಲು!"

ಅಪ್ಪನ ಫೋನು ಸ್ವಿಚ್ ಆಫ್. ಅಣ್ಣನ ಮಗ ಬಹಳ ಹೊತ್ತಿನ ಮೇಲೆ ಎತ್ತಿದ. ಗಾಡಿಯ ಸದ್ದು, ಅದರ ಹಿಂದೆ ಒಬ್ಬ ಹೆಂಗಸಿನ ನರಳಿಕೆ. ನಾನು ಬಾಯಿ ತೆರೆಯುವ ಮೊದಲೇ ಪಿಸುಗುಟ್ಟಿದ: "ಗೊತ್ತಾತು ಸಾರ್. ಪಕ್ಕದಾಗೆ ಚಿಗಪ್ಪ ಕುಂತಾನೆ. ಈಗೇನೂ ಹೇಳ್ಬ್ಯಾಡ್ರಿ."

"ಏ, ಹುಡುಗಿ ಚೆನ್ನಾಗೈತೆ ಕಣಪ್ಪ!"

"ಹಂಗೇ ಹೇಳ್ತಾ ಇದೀನಿ ಸಾರ್ ನಾನೂ" ಎಂದು ಇಟ್ಟುಬಿಟ್ಟ. ಆಮೇಲೆ ಆ ಫೋನೂ ಆಫ್.

ಮಾಡುವುದೇನೂ ಉಳಿದಿರಲಿಲ್ಲ. ಹುಡುಗಿಯನ್ನು ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂರಿಸಿದೆವು. "ಯಾಕೆ ಸಾರ್?" ಎಂದಳು. "ನಿಮ್ಮವ್ವ ಬರ್ತಾಳೆ" ಎಂದೆ. ಅವಳು ನಕ್ಕು, ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು. ಮೇಡಂ ಬಿಸಿಲಲ್ಲೇ ನಿಂತರು.

ಸಂಜೆಯ ಗಂಟೆಗೆ ಮೊದಲೇ ಟೆಂಪೋ ಬಂತು. ಹಿಂದಿನಿಂದ ಜನ ಇಳಿದರು. ಹುಡುಗಿಯ ಸೋದರಮಾವನ ಕಂಕುಳಲ್ಲಿ ಬಟ್ಟೆ ಅಂಗಡಿಯ ಕವರು, ಅದರಲ್ಲಿ ಮಡಿಕೆ ಬಿಚ್ಚದ ಹೊಸ ಸೀರೆ. ನಮ್ಮ ಕಡೆ ಆ ಸೀರೆ ತರುವುದು ತಾಯಿಯ ತವರಿನವರು; ಹೆಣಕ್ಕೆ ಹೊದಿಸುವುದಕ್ಕೆ. ಕಟ್ಟೆಯ ಮೇಲಿಂದ "ಅವ್ವಾ" ಎಂಬ ಕೂಗು ಕೇಳಿದಾಗ ಅವರು ಕವರನ್ನು ಬೆನ್ನ ಹಿಂದೆ ಹಿಡಿದು, ಮೆಲ್ಲಗೆ ಟೆಂಪೋದ ಸೀಟಿನಡಿ ತಳ್ಳಿದರು.

ತಾಯಿ ಓಡಿಬಂದು ಮಗಳ ಮುಖ, ಕೈ, ಕಾಲು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಕೆನ್ನೆಗೆ ಒಂದು ಏಟು ಹಾಕಿ, ಅಲ್ಲೇ ಮಣ್ಣಲ್ಲಿ ಕುಸಿದರು.

ಮೇಡಂ ಕೈಮುಗಿದು ಎಲ್ಲ ಹೇಳಿದರು.

"ಕನ್ನಡಕಕ್ಕಾ?" ಎಂದರು ತಂದೆ. ದನಿ ಏರಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ಮಂದೇನ ಯಾರ ಹೊಲದಾಗೋ ಬಿಟ್ಟು ಬಂದೀವಿ ತಾಯಿ. ದಾರಿ ಪೂರಾ ಇವಳ್ನ ಎಲ್ಲಿ ಮಣ್ಣು ಮಾಡಾಣ ಅಂತ ಲೆಕ್ಕ ಹಾಕ್ಕಂಡು ಬಂದೆ." ಆಮೇಲೆ ಮಗಳ ಕಡೆ ತಿರುಗಿ, "ಪೆಟ್ಟಿಗೆ ತಗಂಬಾ" ಎಂದರು.

"ಹಂಗೆ ಮಾಡ್ಬ್ಯಾಡ್ರಿ, ಜಾಣೆ ಹುಡುಗಿ. ತಪ್ಪು ನಮ್ದು, ಓದು ಅವಳ್ದು" ಎಂದು ಹೆಡ್‌ಮೇಷ್ಟ್ರು ಅಡ್ಡ ನಿಂತರು.

"ಕಣ್ಣ ಮುಂದೆ ಇರ್ಲಿ ಸಾರ್. ಇನ್ನೊಂದ್ಸಲ ಇಂಥ ದಾರಿ ಬರಾಕೆ ನನ್ ಕೈಲಿ ಆಗಲ್ಲ."

ಹುಡುಗಿ ನಮ್ಮ ಮೂವರ ಮುಖವನ್ನೂ ನೋಡಿದಳು. ಪೆಟ್ಟಿಗೆ ತಂದಳು. ಟೆಂಪೋ ತಿರುಗಿಕೊಂಡು ಹೊಸದುರ್ಗದ ರಸ್ತೆ ಹಿಡಿಯಿತು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ ಆ ತಂದೆ ಒಬ್ಬರೇ ಬಂದು, ಮಗಳ ಟಿ.ಸಿ. ಪಡೆದುಕೊಂಡು ಹೋದರು.