ಒಂಟಿ ನಿಂತ ಒಕಾರ

ನಮ್ಮಣ್ಣನ ಮಗಳು ನಬ್ಬೋಸ ಮೆಚ್ಚಿಕೊಂಡ ಹುಡುಗ ಕವೂಮನಿಗೆ ಉಗ್ಗು. ಉಗಾಂಡದ ನಮ್ಮೂರು ಮಸಾಕದ ಬಸ್ ನಿಲ್ದಾಣದೆದುರು ಮೊಟ್ಟೆ ಸುತ್ತಿದ ಚಪಾತಿ ಮಾರುತ್ತಾನೆ. ಕೈ ಚುರುಕು, ನಗು ಚಂದ. ಆದರೆ ಸ್ವರದಿಂದ ಶುರುವಾಗುವ ಮಾತು ಬಂತೋ, ಬಾಯಿಗೆ ಬೀಗ. ನಮ್ಮ ಲುಗಾಂಡ ಭಾಷೆಯಲ್ಲಿ ಅಂಥ ಮಾತೇ ಹೆಚ್ಚು, ಪಾಪ. ಶಾಲೆಯಲ್ಲಿ ಅಪ್ಪ ಯಾರು ಅಂತ ಕೇಳಿದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದನಂತೆ.

ನಿಶ್ಚಯದ ದಿನ ಗಂಡು ತನ್ನ ತಂದೆಯ ಹೆಸರನ್ನು ತಾನೇ ಹೇಳಬೇಕು ಅಂತ ನಮ್ಮಣ್ಣ ಹಟ ಹಿಡಿದ. "ಅಪ್ಪನ ಹೆಸರು ಹೇಳೋಕಾಗದವನಿಗೆ ಮಗಳನ್ನ ಕೊಡಲ್ಲ." ಇಂಥ ಮೊಂಡನ ಜೊತೆ ಹುಟ್ಟಿದ್ದು ನನ್ನ ಕರ್ಮ! ಹುಡುಗಿಯ ಸೋದರತ್ತೆ ಅಂದಮೇಲೆ ಮದುವೆಯ ಭಾರವೆಲ್ಲ ನನ್ನದೇ ತಾನೆ? ಕವೂಮನ ಗಾಡಿ ಹತ್ತಿರ ಹೋದೆ.

ಅವನು ಹೇಳಬೇಕಾದದ್ದು ಇಷ್ಟೇ: 'ಮುತಬಾನಿ ವ ಒಮುಗೆಂಜಿ ಮಾಯಂಜ', ತೀರಿಹೋದ ಮಾಯಂಜನ ಮಗ. ಸತ್ತವರ ಹೆಸರಿಗೆ 'ಒಮುಗೆಂಜಿ' ಸೇರಿಸದಿದ್ದರೆ ಮರ್ಯಾದೆಯಲ್ಲ. 'ವ' ಅಂದು ಉಸಿರೆಳೆದುಕೊಂಡ. 'ಒ' ಬರಲೇ ಇಲ್ಲ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದ.

"ಚಪಾತಿ ನೆಗ್ಗಿ?" ಕವೂಮ ಸರಾಗವಾಗಿ ಕೇಳಿದ. ಚಪಾತಿ, ಜೊತೆಗೆ ಮೊಟ್ಟೆ.

"ಏ, ತಡಿ! ಬರೀ ಮೊಟ್ಟೆ ಅನ್ನು ನೋಡೋಣ," ಅಂದೆ.

"ಎ... ಎ..." 'ಎಗ್ಗಿ' ಹೊರಡಲಿಲ್ಲ.

ಆಗ ಹೊಳೀತು ನನಗೆ. "ಮಂಕೇ, 'ನ' ಬೇರೆ, 'ಎಗ್ಗಿ' ಬೇರೆ ಅಂತ ಬಿಡಿಸಿ ಹೇಳಿದೆಯಾ? ಅಕಾರ ಮಾಯವಾಗಿ 'ನೆಗ್ಗಿ' ಆಯ್ತಲ್ಲ, ಇದೂ ಹಾಗೇನೇ. 'ವ' ಅಂದು ನಿಲ್ಲಬೇಡ. ಆ 'ಒ'ನ ಒಂಟಿಯಾಗಿ ಬಾಗಿಲಲ್ಲಿ ನಿಲ್ಲಿಸಬೇಡ, ಕೈ ಹಿಡಿದು ಎಳ್ಕೊಂಡು ಹೋಗು. ವೋಮುಗೆಂಜಿ!"

"ಅ... ಅತ್ತೆ, ಹಂಗೆ ನುಂಗಿದ್ರೆ ನಗಲ್ವಾ ಜನ?"

"ಊರೆಲ್ಲ ಹಂಗೇ ಮಾತಾಡೋದು ಕಣೋ! ಹೆದರ್ಕೊಂಡು ಬಿಡಿಸಿ ಬಿಡಿಸಿ ಹೇಳೋನು ನೀನೊಬ್ಬನೇ."

ಆಮೇಲೆ ಚಪಾತಿ ತಟ್ಟುತ್ತಾ ಅದನ್ನೇ ಗೊಣಗುತ್ತಿದ್ದ. ಎಷ್ಟೋ ಚಪಾತಿ ಸೀದುಹೋದವು.

ನಿಶ್ಚಯದ ದಿನ ಬಂತು. ಬಿಳಿ ನಿಲುವಂಗಿ ತೊಟ್ಟು ನಮ್ಮ ಅಂಗಳದಲ್ಲಿ ಎರಡೂ ಕಡೆಯವರ ನಡುವೆ ನಿಂತ. ನಬ್ಬೋಸ ತಲೆಯೆತ್ತಲಿಲ್ಲ.

"ಮುತಬಾನಿ ವೋಮುಗೆಂಜಿ ಮಾಯಂಜ." ಒಂದೇ ಉಸಿರಿಗೆ!

ನಮ್ಮಣ್ಣ ಕಿವಿಗೆ ಕೈಯಿಟ್ಟ. "ಕೇಳಿಸ್ಲಿಲ್ಲ."

ಪಾಪಿ! ಚಪ್ಪಲಿ ತೆಗೆದುಕೊಳ್ಳಬೇಕು ಅನ್ನಿಸಿತು ನನಗೆ. ಕವೂಮ ಇನ್ನೂ ಗಟ್ಟಿಯಾಗಿ ಹೇಳಿದ. ಯಾರೂ ಹೇಳು ಅನ್ನದಿದ್ದರೂ ಮೂರನೇ ಸಲ ಕೂಗಿಯೇಬಿಟ್ಟ. ನಗುತ್ತಿದ್ದ, ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು.

ನಮ್ಮಣ್ಣ ಎದ್ದು ಹೋಗಿ ಅವನ ಹೆಗಲು ಹಿಡಿದುಕೊಂಡ.

"ಸಾಕು ಬಿಡಪ್ಪಾ, ಅಳಿಯ. ನಿಮ್ಮಪ್ಪನಿಗೂ ಕೇಳಿಸಿರುತ್ತೆ."