ಜೇನುಪೆಟ್ಟಿಗೆಗೆ ಕಿವಿಗೊಟ್ಟ ಹಾಜಿಯವರು

ಡಿಸೆಂಬರಿನ ಬೆಳಗ್ಗೆ, ಬಿಸಿಲು ಇನ್ನೂ ತೆಂಗಿನ ತಲೆಯಿಂದ ಕೆಳಗಿಳಿಯದ ಹೊತ್ತಿನಲ್ಲಿ, ಹಸನಬ್ಬ ಹಾಜಿಯವರು ತಮ್ಮ ಭಾರವಾದ ಮೈಯನ್ನು ಮೆಲ್ಲಗೆ ಮೊಣಕಾಲ ಮೇಲೆ ಇಳಿಸುತ್ತಿದ್ದರು. ಬಿಳಿ ಟೊಪ್ಪಿ ಜಾರದಂತೆ ಒಂದು ಕೈಯಲ್ಲಿ ಹಿಡಿದು, ಜೇನುಪೆಟ್ಟಿಗೆಯ ಪಕ್ಕಕ್ಕೆ ಎಡಗಿವಿ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಬೆರಳ ಗೆಣ್ಣಿನಿಂದ ಹಲಗೆಗೆ ಒಮ್ಮೆ ತಟ್ಟಿ ಕಾಯುತ್ತಿದ್ದರು. ಒಳಗಿನಿಂದ ಏನು ಬರುತ್ತಿತ್ತೋ, ಅವರ ಮುಖದ ಬಿಗಿ ಸಡಿಲವಾಗುತ್ತಿತ್ತು. ಎದ್ದು ಲುಂಗಿಯ ಮಣ್ಣು ಕೊಡವಿ ಒಂದೇ ಮಾತು ಹೇಳುತ್ತಿದ್ದರು: "ಉಂಟು."

ರಾಣಿ ಉಂಟು, ಮರಿ ಉಂಟು, ತಿನ್ನಲಿಕ್ಕೆ ಉಂಟು, ಚಳಿ ದಾಟುವಷ್ಟು ಜೀವ ಉಂಟು ಎಂದು ಅದರ ಅರ್ಥ. ಪೆಟ್ಟಿಗೆ ತೆರೆಯದೆಯೇ ಅಷ್ಟನ್ನೂ ತಿಳಿಯುತ್ತಿದ್ದರು.

ಎಡಗಿವಿ ಎಂದು ಬರೆದಿದ್ದೇನೆ. ಬಲಗಿವಿಯೇ ಇದ್ದಿರಬಹುದು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ ನನಗೆ, ಸಾಕ್ಷಿ ಹೇಳುವವರು ಎಷ್ಟು ಖಚಿತವಾಗಿ ಹೇಳುತ್ತಾರೋ ಅಷ್ಟು ಅನುಮಾನಿಸಬೇಕೆಂದು ಗೊತ್ತು. ಆದರೆ ಆ 'ಉಂಟು' ಮಾತ್ರ ನಾನು ಕಟ್ಟಿದ್ದಲ್ಲ. ಅದನ್ನು ನನಗಿಂತ ಹೆಚ್ಚು ಜನ ಕೇಳಿದ್ದಾರೆ.

ಹಾಜಿಯವರಿಗೆ ಮೆಲ್ಕಾರಿನಲ್ಲಿ ಬಟ್ಟೆ ಅಂಗಡಿ ಇತ್ತು. ದೊಡ್ಡ ಗಂಟಲಿನ, ತನ್ನ ಮಾತಿನ ಮೇಲೆ ಭಾರಿ ಮೋಹವಿದ್ದ ಮನುಷ್ಯ. ಅಂಗಡಿಯಲ್ಲಿ ಅವರಿಗೆ ಬೇಕಾದಾಗ ಕಿವಿ ಕೇಳುತ್ತಿರಲಿಲ್ಲ. "ಹಾಜಿಯವರೇ, ಒಂದೇ ಒಗೆತಕ್ಕೆ ಬಣ್ಣ ಹೋಯಿತು, ಬದಲಿಸಿ ಕೊಡಿ" ಎಂದು ಯಾರಾದರೂ ಬಂದರೆ, "ಮಗಳ ಮದುವೆಯಾ? ಭಾರಿ ಸಂತೋಷ. ಬನ್ನಿ, ಸೀರೆ ತೋರಿಸ್ತೇನೆ" ಎನ್ನುತ್ತಿದ್ದರು. ಅವರ ಹೆಂಡತಿ ನೆಬಿಸಮ್ಮ ನನಗೊಮ್ಮೆ ಹೇಳಿದ್ದರು: "ನಾನು ಅಡುಗೆಕೋಣೆಯಿಂದ ಕೂಗಿದ್ದು ಇವರಿಗೆ ಕೇಳುವುದಿಲ್ಲ ಟೀಚರ್. ತೋಟದಲ್ಲಿ ಜೇನುನೊಣ ಕೆಮ್ಮಿದರೆ ಕೇಳ್ತದೆ."

ನನ್ನ ಮಿಜಾರಿನ ಮನೆಗೆ ಜೇನು ಬಂದದ್ದೂ ಆ ಅಂಗಡಿಯಿಂದಲೇ. ಸೀರೆ ಕೊಳ್ಳಲು ಹೋದವಳು, ಮನೆಯ ಹಿಂದೆ ಸ್ವಲ್ಪ ಜಾಗವಿದೆ, ನಾಚಿಕೆಮುಳ್ಳು ಬೆಳೆದು ಕಾಲಿಡಲಾಗುತ್ತಿಲ್ಲ ಎಂದೆ. ಹಾಜಿಯವರು ಸೀರೆಯನ್ನು ಅರ್ಧ ಮಡಚಿದಲ್ಲೇ ಬಿಟ್ಟರು. "ಅದನ್ನು ಕಡಿಯಬೇಡಿ ಮಾರಾಯ್ರೆ! ತುಡುವೆಗೆ ಅದರ ಹೂವಿನ ಹುಡಿ ಅಂದ್ರೆ ಗಂಜಿ ಇದ್ದ ಹಾಗೆ. ನಿಮಗೊಂದು ಪೆಟ್ಟಿಗೆ ಇಡುವ." ತುಡುವೆಯೆಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಊರಿನ ಜೇನು. ನಾನು ತುಳುವಿನಲ್ಲಿ ಮಾತಾಡಿದರೂ, ಟೀಚರ್ ಎಂಬ ಕಾರಣಕ್ಕೆ ಅವರು ಹಠ ಹಿಡಿದು ಕನ್ನಡದಲ್ಲೇ ಉತ್ತರಿಸುತ್ತಿದ್ದರು.

ಜೇನು ಕುಟುಂಬವನ್ನು ಅವರು ಯಾರಿಗೂ ಮಾರಿದವರಲ್ಲ. ಚಳಿಗಾಲದಲ್ಲಿ ಕುಟುಂಬ ಬೆಳೆದು ಪಾಲಾಗುವ ಹೊತ್ತಿಗೆ ಒಂದು ಪಾಲನ್ನು ಹೊಸ ಮನೆಗೆ ಕೊಡುತ್ತಿದ್ದರು. ಕಟ್ಟಳೆ ಒಂದೇ: ಆ ಮನೆಯಲ್ಲಿ ಅದು ಪಾಲಾದಾಗ ಮೊದಲ ಪಾಲು ಮನೆಯಿಂದ ಹೊರಗೆ, ಬೇರೆ ಮನೆಗೆ ಹೋಗಬೇಕು. ಹೀಗೆ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಈಚೆ ಮೂಡಬಿದ್ರಿಯವರೆಗೆ, ಎಷ್ಟೋ ಹಿತ್ತಿಲುಗಳಲ್ಲಿ ಹಾಜಿಯವರ ಜೇನು ಹಬ್ಬಿತ್ತು. ಕೊಟ್ಟ ಮೇಲೆ ಮರೆಯುವವರೂ ಅಲ್ಲ. ಸ್ಕೂಟರಿನಲ್ಲಿ ಚೀಲ ಸಿಕ್ಕಿಸಿಕೊಂಡು, ಚೀಲದಲ್ಲಿ ಹೊಗೆಡಬ್ಬಿ ಮತ್ತು ಮರದ ಹಿಡಿಯ ಚಾಕು ಇಟ್ಟುಕೊಂಡು, ಮನೆಮನೆಗೆ ಬರುತ್ತಿದ್ದರು.

"ಮಳೆಗಾಲದಲ್ಲಿ ನೊಣವನ್ನು ಹಸಿವು ಕೊಲ್ತದೆ ಟೀಚರ್. ಚಳಿಗಾಲದಲ್ಲಿ ಕೊಲ್ಲುವುದು ನಮ್ಮ ಅವಸರ" ಎನ್ನುತ್ತಿದ್ದರು. ಬಿಸಿಲು ಏರುವ ಮೊದಲು ಮುಚ್ಚಳ ಎತ್ತಿದರೆ ಮರಿಗಳಿಗೆ ಥಂಡಿ. ನೊಣ ಕೂರದ ಹಳೆಯ ಎರಿಯನ್ನು, ಎಂದರೆ ಮೇಣದ ತಟ್ಟಿಯನ್ನು, ಒಳಗೇ ಬಿಟ್ಟರೆ ಮೇಣದ ಹುಳಕ್ಕೆ ಔತಣ. ಪೆಟ್ಟಿಗೆಯ ಸ್ಟ್ಯಾಂಡಿನ ಕಾಲಡಿಯ ತೆಂಗಿನ ಗೆರಟೆಯಲ್ಲಿ ನೀರು ಆರಿದರೆ ಇರುವೆಗೆ ದಾರಿ. ಇದನ್ನೆಲ್ಲ ಹೇಳುವಾಗ ಅಂಗಡಿಯ ದೊಡ್ಡ ಗಂಟಲು ಎಲ್ಲಿ ಹೋಗುತ್ತಿತ್ತೋ. ಪೆಟ್ಟಿಗೆಯ ಹತ್ತಿರ ಅವರು ಮಲಗಿದ ಮಗುವಿನ ಕೋಣೆಗೆ ಬಂದವರಂತೆ ಮಾತಾಡುತ್ತಿದ್ದರು.

ಎಲ್ಲರೊಡನೆಯೂ ಅಲ್ಲ. ಚಾರ್ಮಾಡಿಯಲ್ಲಿ ನನ್ನ ದೊಡ್ಡಮ್ಮ ಗಿರಿಜಾ ಇದ್ದಳು, ಘಟ್ಟದ ಬುಡದಲ್ಲಿ, ರಬ್ಬರ್ ತೋಟದ ಅಂಚಿನ ಮನೆಯಲ್ಲಿ. ಅವಳಿಗೂ ಹಾಜಿಯವರೇ ಒಂದು ಪಾಲು ಕೊಟ್ಟಿದ್ದರು. ಒಂದು ವರ್ಷ ಅವಳು ಮಳೆಗೆ ಮುಂಚೆ ಜೇನನ್ನೆಲ್ಲ ತೆಗೆದು, ನೊಣಗಳಿಗೆ ಏನೂ ಉಳಿಸಲಿಲ್ಲ. ಹಾಜಿಯವರು ನೆಂಟರ ಎದುರಿಗೇ, "ಇದು ಜೇನು ಸಾಕುವುದಲ್ಲ ಗಿರಿಜಕ್ಕ, ದರೋಡೆ" ಎಂದುಬಿಟ್ಟರು. ದೊಡ್ಡಮ್ಮನಿಗೂ ನಾಲಗೆ ಇತ್ತು. "ಇನ್ನು ನನ್ನ ಗೇಟಿನ ಒಳಗೆ ಕಾಲಿಡಬೇಡಿ" ಎಂದಳು. ಅವರು ಇಡಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಚಳಿಗಾಲ ಜೇನಿಗೆ ರೋಗ ಬಂತು. ಮರಿಹುಳಗಳು ತಮ್ಮ ಕೋಣೆಯಲ್ಲೇ ಉದ್ದಕ್ಕೆ ಚಾಚಿಕೊಂಡು, ತಲೆಯೆತ್ತಿ, ನೀರು ತುಂಬಿದ ಪುಟ್ಟ ಚೀಲಗಳಂತಾಗಿ ಸಾಯುತ್ತಿದ್ದವು. ಹೊಸ ನೊಣ ಹುಟ್ಟುತ್ತಿರಲಿಲ್ಲ. ಇದ್ದವು ಒಂದು ದಿನ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತಿದ್ದವು. ಹಾಜಿಯವರು ಅಂಗಡಿ ಮರೆತರು. ಎಲ್ಲಿಂದ ಕರೆ ಬಂದರೂ ಅಲ್ಲಿಗೆ. ಸಕ್ಕರೆ ಪಾಕ ಇಟ್ಟರು, ಅರಿಶಿನದ ನೀರು ಚಿಮುಕಿಸಿದರು, ಸತ್ತ ಮರಿಗಳ ಎರಿಯನ್ನು ಕೊಯ್ದು ತೆಗೆದರು. ಅವರು ಹೋದ ಮನೆಗಳಲ್ಲಿ ಒಂದರ ಹಿಂದೆ ಒಂದು ಪೆಟ್ಟಿಗೆ ಖಾಲಿಯಾಗುತ್ತಿತ್ತು. ಮೆಲ್ಕಾರಿನ ಅವರದೇ ತೋಟವೂ ಮೌನವಾಯಿತು.

ನಮ್ಮ ಪೆಟ್ಟಿಗೆಗೆ ಅವರು ಕೊನೆಯ ಸಲ ಕಿವಿ ಇಟ್ಟದ್ದು ನೆನಪಿದೆ. ತಟ್ಟಿದರು. ಕಾದರು. ಮತ್ತೆ ತಟ್ಟಿದರು. ಎದ್ದು, 'ಉಂಟು' ಎನ್ನದೆ ನಳ್ಳಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದರು. ಚಾಕುವನ್ನೂ ತೊಳೆದರು. ತೊಳೆಯುತ್ತ ತೊಳೆಯುತ್ತ ನಿಂತರು.

"ಟೀಚರ್, ಹೋದ ಸಲ ನಾನು ನಿಮ್ಮಲ್ಲಿಗೆ ಎಲ್ಲಿಂದ ಬಂದದ್ದು?"

"ಕಲ್ಲಡ್ಕದಿಂದ ಅಂತ ಹೇಳಿದ್ರಿ."

"ಅಲ್ಲಿ ರೋಗ ಇತ್ತು. ನಿಮ್ಮಲ್ಲಿ ಇರ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಚಾಕುವನ್ನು ನನ್ನತ್ತ ಹಿಡಿದರು. "ಇದೇ ಚಾಕು ಅಲ್ವಾ?"

ಅಷ್ಟು ದೊಡ್ಡ ಮನುಷ್ಯ ನಮ್ಮ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. ತಮ್ಮ ಜೇನೆಲ್ಲ ಹೋದದ್ದಕ್ಕಿಂತ, ತಾನೇ ರೋಗವನ್ನು ಮನೆಮನೆಗೆ ಹಂಚಿದೆನೇನೋ ಎಂಬುದು ಅವರನ್ನು ಮುರಿದಿತ್ತು. ಸಮಾಧಾನಕ್ಕೆಂದು, ಚಾರ್ಮಾಡಿಯಲ್ಲಿ ದೊಡ್ಡಮ್ಮನ ಜೇನು ಇನ್ನೂ ಇದೆಯಂತೆ ಎಂದೆ. ಅವರು ತಲೆಯೆತ್ತಿದರು. ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು: ಅವರು ಕಾಲಿಡದೆ ಉಳಿದ ಮನೆ ಅದೊಂದೇ.

ಮರುದಿನವೇ ಹೊರಟೆವು. ಚಾಕು, ಚೀಲ ಮನೆಯಲ್ಲಿ ಬಿಟ್ಟು, ಹೊಸ ಲುಂಗಿ ಹೊಸ ಅಂಗಿ ತೊಟ್ಟಿದ್ದರು. "ನೀವು ಮುಂದೆ ಹೋಗಿ ಟೀಚರ್. ನನ್ನನ್ನು ಕಂಡ ಕೂಡಲೇ ನಾಯಿ ಬಿಡುವುದು ಬೇಡ" ಎಂದರು. ದೊಡ್ಡಮ್ಮ ಅಂಗಳದಲ್ಲೇ ಇದ್ದಳು. ಗೇಟಿನಾಚೆ ಬಿಳಿ ಟೊಪ್ಪಿ ಕಂಡದ್ದೇ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಏನು ಹಾಜಿಯವರು? ದರೋಡೆಕಾರರನ್ನು ಹಿಡಿಯಲಿಕ್ಕೆ ಬಂದದ್ದಾ?"

"ದರೋಡೆಕಾರ ನಾನೇ ಗಿರಿಜಕ್ಕ. ನಿಮ್ಮ ಪೆಟ್ಟಿಗೆ ಉಂಟಾ ಅಂತ ಕೇಳುವ ಅಂತ ಬಂದೆ."

"ಕೇಳುವುದು ಎಂತ? ಒಳಗೆ ಬಂದು ನೋಡಿ."

"ಬರುವುದಿಲ್ಲ."

"ಓಹೋ, ಇನ್ನೂ ಸಿಟ್ಟಾ?"

"ಸಿಟ್ಟಲ್ಲ. ನನ್ನ ಮೈಯಲ್ಲಿ ಎಷ್ಟು ಮನೆಯ ರೋಗ ಉಂಟೋ, ನನಗೇ ಗೊತ್ತಿಲ್ಲ. ನೀವೇ ಕಿವಿ ಇಡಿ. ಒಮ್ಮೆ ತಟ್ಟಿ. ಒಳಗೆ ನೊಣ 'ಸ್ಸ್' ಅಂತ ಹೇಳಿ ಕೂಡಲೇ ನಿಲ್ಲಬೇಕು. ಅತ್ತ ಹಾಗೆ ಸ್ವರ ಎಳೆದರೆ ರಾಣಿ ಇಲ್ಲ ಅಂತ."

ದೊಡ್ಡಮ್ಮ ನನ್ನ ಮುಖ ನೋಡಿದಳು. ಆಮೇಲೆ ಹಿತ್ತಿಲಿಗೆ ನಡೆದು, ಮಂಡಿಯೂರಿ, ಪೆಟ್ಟಿಗೆಗೆ ಕಿವಿ ಇಟ್ಟಳು. ಗೇಟಿನ ಸರಳು ಹಿಡಿದ ಹಾಜಿಯವರ ತುಟಿ ಅಲುಗುತ್ತಿತ್ತು. ದೊಡ್ಡಮ್ಮ ತಟ್ಟಿದಳು, ಕಾದಳು. ಎದ್ದು ನಿಂತು, ಘಟ್ಟಕ್ಕೂ ಕೇಳುವ ಹಾಗೆ ತುಳುವಿನಲ್ಲಿ ಕೂಗಿದಳು: "ಉಂಡು!"

ಹಾಜಿಯವರು ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು.

ಆ ಚಳಿಗಾಲವಿಡೀ ಅವರು ವಾರವಾರ ಬಸ್ಸು ಹಿಡಿದು ಚಾರ್ಮಾಡಿಗೆ ಹೋದರು. ಒಮ್ಮೆಯೂ ಗೇಟು ದಾಟಲಿಲ್ಲ. ದೊಡ್ಡಮ್ಮ ರಸ್ತೆಯ ಬದಿಗೆ ಒಂದು ಕುರ್ಚಿ ಹಾಕಿಸಿದಳು. ಚಹಾ ಅಲ್ಲಿಗೇ ಹೋಗುತ್ತಿತ್ತು. ನಾನು ಹೋದಾಗಲೆಲ್ಲ ಇದೇ ನೋಟ: ಇತ್ತ ಕುರ್ಚಿಯಲ್ಲಿ ಕುಳಿತು ಕುತ್ತಿಗೆ ಉದ್ದ ಮಾಡಿದ ಹಾಜಿಯವರು, ಅತ್ತ ಪೆಟ್ಟಿಗೆಯ ಬಳಿ ದೊಡ್ಡಮ್ಮ, ನಡುವೆ ಹಾರಾಡುವ ಮಾತು.

"ಈಗ ತೆರೆಯಬೇಡಿ, ಮಂಜು ಕರಗಲಿ!"

"ಕಣ್ಣು ನನಗೂ ಉಂಟು."

"ಬೇರೆ ಮನೆಯ ಎರಿ, ಪೆಟ್ಟಿಗೆ, ಎಂತದ್ದೂ ಒಳಗೆ ತರಬೇಡಿ!"

"ಬೇರೆ ಮನೆಯವರನ್ನೇ ತರಲಿಲ್ಲ. ಕಾಣುವುದಿಲ್ವಾ, ರಸ್ತೆಯಲ್ಲಿ ಕೂರಿಸಿದ್ದೇನೆ."

ಒಮ್ಮೆ ಅವರು ಬಹಳ ಹೊತ್ತು ಹಿಂದೆಮುಂದೆ ನೋಡಿ, "ಗಿರಿಜಕ್ಕ, ಈ ವರ್ಷ ಜೇನು ತೆಗೆಯದಿದ್ದರೆ ಒಳ್ಳೆಯದು" ಎಂದರು. "ತೆಗೆದರೆ?" "ನಿಮ್ಮ ಪೆಟ್ಟಿಗೆ. ನಿಮ್ಮ ಇಷ್ಟ." ದೊಡ್ಡಮ್ಮ ನಕ್ಕಳು. "ಇದನ್ನೇ ಆವತ್ತು ಹೀಗೆ ಹೇಳಿದ್ದರೆ ಜಗಳ ಇತ್ತಾ ಮಾರಾಯ್ರೆ?" ಅವಳು ಆ ವರ್ಷ ಒಂದು ಹನಿಯನ್ನೂ ತೆಗೆಯಲಿಲ್ಲ.

ಸುಮ್ಮನೆ ಕೂರಲಾರದ ಮನುಷ್ಯ, ಮುಟ್ಟದೆ ಪ್ರೀತಿಸಲು ಬಾರದ ಮನುಷ್ಯ, ಒಂದು ಇಡೀ ಚಳಿಗಾಲ ದೂರ ಕುಳಿತದ್ದನ್ನು ನಾನು ಕಣ್ಣಾರೆ ಕಂಡೆ. ಬದುಕಿನಲ್ಲಿ ನಾನು ತಲೆಬಾಗಿದ ನೋಟಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

ಮುಂದಿನ ಚಳಿಗಾಲದಲ್ಲಿ ಆ ಕುಟುಂಬ ತುಂಬಿ ಪಾಲಾಯಿತು. ಮೊದಲ ಪಾಲು ಮನೆಯಿಂದ ಹೊರಗೆ ಹೋಗಬೇಕಲ್ಲ. ಸಂಜೆ ನೊಣಗಳೆಲ್ಲ ಗೂಡು ಸೇರಿದ ಮೇಲೆ ದೊಡ್ಡಮ್ಮ ಪೆಟ್ಟಿಗೆಯ ಬಾಗಿಲಿಗೆ ಬಟ್ಟೆ ಕಟ್ಟಿ, ಅದನ್ನು ಜೀಪಿನಲ್ಲಿ ಮಡಿಲ ಮೇಲೇ ಇಟ್ಟುಕೊಂಡು ಮೆಲ್ಕಾರಿಗೆ ಬಂದಳು. ಹಾಜಿಯವರು ಹಳೆಯ ಪೆಟ್ಟಿಗೆಗಳನ್ನೂ ಆ ಚಾಕುವಿನ ಹಿಡಿಯನ್ನೂ ಸುಟ್ಟು ಯಾವ ಕಾಲವಾಗಿತ್ತೋ. ಹೊಸ ಸ್ಟ್ಯಾಂಡು ಕಾದಿತ್ತು. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತು, "ನೀವೇ ಇಡಿ ಗಿರಿಜಕ್ಕ" ಎಂದರು. ಅಲ್ಲಿಂದ ಹಬ್ಬಿದ ಪಾಲುಗಳಲ್ಲಿ ಒಂದು ಮಿಜಾರಿಗೂ ಬಂತು. ಆಮೇಲೆ ಅವರು ಯಾರ ಮನೆಗೆ ಹೋದರೂ ಕೈ ಬೆನ್ನ ಹಿಂದೆಯೇ ಇರುತ್ತಿತ್ತು. ಕಿವಿ ಮಾತ್ರ ಮುಂದೆ.

ಆ ರೋಗಕ್ಕೆ ನಿಜಕ್ಕೂ ಅವರ ಚಾಕುವೇ ಕಾರಣವೆ? ನನಗೆ ಗೊತ್ತಿಲ್ಲ. ಕಾಡಿನ ಪೊಟರೆಗಳಲ್ಲಿದ್ದ ಜೇನೂ ಆಗ ಸತ್ತಿತೆಂದು ಮುಂದೆ ತಿಳಿಯಿತು. ಅಲ್ಲಿಗೆ ಯಾರ ಚಾಕುವೂ ಹೋಗಿರಲಿಲ್ಲ. ದೊಡ್ಡಮ್ಮನ ಜೇನು ಉಳಿದದ್ದು ಬರೀ ಅದೃಷ್ಟವೂ ಇರಬಹುದು. ಇದನ್ನು ಹಾಜಿಯವರಿಗೆ ಹೇಳಿದೆ. ಅವರು ಗಮನವಿಟ್ಟು ಕೇಳಿದರು. "ಇರಬಹುದು ಟೀಚರ್. ಆದರೆ ಚಾಕು ಇದ್ದದ್ದು ನನ್ನ ಕೈಯಲ್ಲಿ."

ಅವರನ್ನು ಕೊನೆಯ ಸಲ ನೋಡಿದ್ದು ಎರಡು ಸಾವಿರನೇ ಇಸವಿಯ ಈಚೆ, ಇಂಥದೇ ಒಂದು ಚಳಿಗಾಲದ ಬೆಳಗ್ಗೆ. ಮೈ ಅರ್ಧಕ್ಕಿಳಿದಿತ್ತು. ಆಟೋರಿಕ್ಷಾದಿಂದ ಇಳಿದವರು ನೇರ ನಮ್ಮ ಹಿತ್ತಿಲಿಗೆ ನಡೆದರು. ನಾನು ಏನೋ ಕೇಳಿದೆ. ತಿರುಗಿ ನೋಡಲಿಲ್ಲ. ಜೊತೆಗಿದ್ದ ನೆಬಿಸಮ್ಮ ನನ್ನ ಕೈ ಹಿಡಿದು, "ಈಗ ನಿಜವಾಗಿಯೂ ಕೇಳುವುದಿಲ್ಲ ಟೀಚರ್, ಎರಡೂ ಕಿವಿ" ಎಂದರು.

ಹಾಜಿಯವರು ಪೆಟ್ಟಿಗೆಯ ಮುಂದೆ ಕಷ್ಟಪಟ್ಟು ಮಂಡಿಯೂರಿದರು. ಕೈಗಳು ಬೆನ್ನ ಹಿಂದೆ. ಕಿವಿ ಇಡಲಿಲ್ಲ. ಟೊಪ್ಪಿಯನ್ನು ಹಿಂದಕ್ಕೆ ಸರಿಸಿಕೊಳ್ಳಲು ಒಂದು ಕೈ ಮುಂದೆ ತಂದು, ಮತ್ತೆ ಹಿಂದಕ್ಕೆ ಒಯ್ದು, ಹಣೆಯನ್ನು ಹಲಗೆಗೆ ಒತ್ತಿದರು. ತಟ್ಟಲು ಕೈ ಮುಂದಿಲ್ಲವಲ್ಲ, ನಾನು ಹೋಗಿ ಮೆಲ್ಲಗೆ ತಟ್ಟಿದೆ. ನಾವು ಮೂವರೂ ಕಾದೆವು. ಬಿಸಿಲು ಪೆಟ್ಟಿಗೆಯ ಮುಚ್ಚಳಕ್ಕೆ ಮುಟ್ಟುತ್ತಿತ್ತು.

"ಉಂಟು!" ಎಂದರು. ಕಿವಿ ಕೇಳದವರ ಅಳತೆ ತಪ್ಪಿದ ದನಿಯಲ್ಲಿ, ಅಂಗಡಿಯ ಗಂಟಲಿನಲ್ಲಿ. ಪೆಟ್ಟಿಗೆಯ ಬಳಿ ಅವರು ಹಾಗೆ ಕೂಗಿದ್ದು ಅದೊಂದೇ ಸಲ. ಬಾಗಿಲಲ್ಲಿದ್ದ ನೊಣಗಳು ಗಾಬರಿಯಾಗಿ ಎದ್ದು, ಅವರ ಹಣೆಯ ಸುತ್ತ ಒಂದು ಸುತ್ತು ಹಾರಿ, ಮತ್ತೆ ಕುಳಿತವು. ಒಂದೂ ಕಚ್ಚಲಿಲ್ಲ.

ಈಗ ಡಿಸೆಂಬರಿನ ಬೆಳಗ್ಗೆ ನಾನು ಕಿವಿ ಇಡುತ್ತೇನೆ. ದೂರದಲ್ಲಿ ಎಲ್ಲೋ ಮಳೆ ಬರುವಂಥ ಸದ್ದು ಕೇಳುತ್ತದೆ. ಅದು ನೊಣಗಳದೋ, ನನ್ನದೇ ಕಿವಿಯೊಳಗಿನ ರಕ್ತದ್ದೋ, ಪ್ರಮಾಣ ಮಾಡಿ ಹೇಳಲಾರೆ. ಮುಚ್ಚಳ ಎತ್ತಿ ನೋಡಿದರೆ ತಿಳಿದೀತು. ಎತ್ತುವುದಿಲ್ಲ. ಬಿಸಿಲು ಬರಲಿ ಎಂದು ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತೇನೆ.