ಕೆಳಗಿನ ಒಂದು

ಏಳನೇ ತರಗತಿಗೆ ಲೆಕ್ಕ ಹೇಳಿಕೊಡುವ ಅವರನ್ನು ಶಾಲೆಯವರೆಲ್ಲ ಪೂರ್ಣಾಂಕ ಮೇಷ್ಟ್ರು ಎನ್ನುತ್ತಿದ್ದರು. ಇಟ್ಟವರು ತಮಾಷೆಗೆ ಇಟ್ಟ ಹೆಸರು; ಮೇಷ್ಟ್ರು ಅದನ್ನು ಬಿರುದು ಎಂದುಕೊಂಡಿದ್ದರು. ತಾವು ಯಾರ ಹಂಗಿಗೂ ಬೀಳದ, ಎಲ್ಲೂ ಒಡಕಿಲ್ಲದ ಇಡೀ ಮನುಷ್ಯ ಎಂಬುದು ಅವರ ನಂಬಿಕೆ. ಆ ಇಡೀ ಮನುಷ್ಯನಿಗೆ ಇಸ್ತ್ರಿಯಾದ ಅಂಗಿ, ಕನ್ನಡಕ, ಮಧ್ಯಾಹ್ನದ ಡಬ್ಬಿ ಎಲ್ಲವನ್ನೂ ಅಕ್ಕನೇ ಕೈಗೆ ಕೊಡಬೇಕಿತ್ತು.

ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ತಮ್ಮ ಓದಲಿ ಎಂದು ತಾನು ಏಳನೇ ತರಗತಿಗೇ ಪುಸ್ತಕ ಮುಚ್ಚಿಟ್ಟು ಮುಂದಿನ ಕೋಣೆಯ ಮಿಷನ್ ಮುಂದೆ ಕೂತವಳು. ಮದುವೆಯ ಮಾತು ಬಂದಾಗಲೆಲ್ಲ "ಇವನಿಗೆ ಕಾಲುಚೀಲ ಹುಡುಕಿ ಕೊಡೋರು ಯಾರು?" ಎಂದು ನಕ್ಕು ಮಾತು ಹಾರಿಸುತ್ತಿದ್ದಳು. ಮೇಷ್ಟ್ರ ಪಾಠಕ್ಕೆ ಹೆಸರು ತಂದ ಬಟ್ಟೆಯ ಪಟ್ಟಿ ಅವಳ ಕೈಕೆಲಸವೇ. ಕರಿಹಲಗೆಯಷ್ಟು ಉದ್ದ, ನಡುವೆ ಸೊನ್ನೆಗೆ ಕೆಂಪು ಗುಂಡಿ, ಬಲಕ್ಕೆ ಧನ ಸಂಖ್ಯೆಗಳಿಗೆ ಹತ್ತು ಬಿಳಿ ಗುಂಡಿ, ಎಡಕ್ಕೆ ಋಣ ಸಂಖ್ಯೆಗಳಿಗೆ ಹತ್ತು ಕಪ್ಪು. ನಡುನಡುವೆ ಅರ್ಧಕ್ಕೆ, ಕಾಲಿಗೆ ದಾರದ ಗಂಟು. ಮಕ್ಕಳು ಕಣ್ಣು ಮುಚ್ಚಿ ಬೆರಳಾಡಿಸಿಯೇ ಮೈನಸ್ ಎರಡೂವರೆಯನ್ನು ಹುಡುಕುತ್ತಿದ್ದರು.

"ಯಾರು ಮಾಡಿದ್ದು ಸಾರ್?"

"ನಮ್ಮದೇ," ಎನ್ನುತ್ತಿದ್ದರು ಮೇಷ್ಟ್ರು. ಆ 'ನಮ್ಮ'ದಲ್ಲಿ ಅಕ್ಕ ಇರಲಿಲ್ಲ. ಅದು ಗೌರವದ ಬಹುವಚನ.

ಒಮ್ಮೆ ಊಟದ ಹೊತ್ತಿನಲ್ಲಿ ಮೇಷ್ಟ್ರು ಅವಳಿಗೂ ಪಾಠ ಹೇಳಿದ್ದರು: ಮೇಲೊಂದು ಪೂರ್ಣಾಂಕ, ಕೆಳಗೆ ಸೊನ್ನೆಯಲ್ಲದ ಇನ್ನೊಂದು ಪೂರ್ಣಾಂಕ ಇದ್ದರೆ ಅದು ಭಾಗಲಬ್ಧ ಸಂಖ್ಯೆ.

"ಹಾಗಾದ್ರೆ ಬರೀ ಐದು? ಅದರ ಕೆಳಗೇನೂ ಇಲ್ವಲ್ಲೋ."

"ಇದೆ ಕಣಕ್ಕ. ಕೆಳಗೆ ಒಂದಿದೆ. ಬರೆಯೋದಿಲ್ಲ, ಅಷ್ಟೆ."

"ಪಾಪ ಕಣೋ, ಆ ಒಂದು," ಎಂದು ಅಕ್ಕ ತಮ್ಮನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಮೇಷ್ಟ್ರಿಗೆ ತಮ್ಮ ವಾಕ್ಯ ಬಹಳ ಹಿಡಿಸಿ ಪ್ರತಿ ವರ್ಷದ ಪಾಠಕ್ಕೆ ಸೇರಿತು. ಅಕ್ಕನ ವಾಕ್ಯ ಅಲ್ಲೇ ಉಳಿಯಿತು.

ಈ ವರ್ಷ ಹಳೆಯ ಪಟ್ಟಿ ಪಿಸಿದುಹೋಯಿತು. ಅದೇ ಹೊತ್ತಿಗೆ, ಅವರ ಹೆಸರಾಂತ ಪಾಠ ನೋಡಲು ಇನ್‌ಸ್ಪೆಕ್ಟರು ಬರುತ್ತಾರೆಂದು ಕಾಗದ ಬಂತು. ಅಕ್ಕ ಹೊಸ ಪಟ್ಟಿ ಕೈಗೆತ್ತಿಕೊಂಡಳು. ಬಲಗಡೆ ಮುಗಿಸಿ ಎಡಗಡೆ ಮೈನಸ್ ಮೂರರವರೆಗೆ ಬಂದಿದ್ದಳು. ಒಂದು ಬೆಳಿಗ್ಗೆ ಮಿಷನ್ನಿನ ಮೇಲೆ ತಲೆಯಿಟ್ಟವಳು ಮತ್ತೆ ಎತ್ತಲಿಲ್ಲ.

"ಋಣ ತೀರಿತು," ಅಂದರು ನೆರೆಮನೆಯವರು. ಮೇಷ್ಟ್ರು ಮಿಷನ್ನಿನ ಮೇಲಿದ್ದ ಪಟ್ಟಿಯತ್ತ ನೋಡಿದರು. ಎಲ್ಲಿ ತೀರಿತು? ಮೈನಸ್ ಮೂರಕ್ಕೆ ನಿಂತಿತ್ತು.

ಇನ್‌ಸ್ಪೆಕ್ಟರು ಬರಲು ಎರಡು ದಿನವಿತ್ತು. ಇಪ್ಪತ್ತಾರು ವರ್ಷದ ಹೆಸರು ಆ ಪಟ್ಟಿಗೆ ಜೋತುಬಿದ್ದಿತ್ತು. ಗುಂಡಿ ಡಬ್ಬಿಯ ಮುಚ್ಚಳದಲ್ಲಿ ಅಕ್ಕ ಎತ್ತಿಟ್ಟಿದ್ದ ಏಳು ಕಪ್ಪು ಗುಂಡಿಗಳನ್ನು ಮುಂದಿಟ್ಟುಕೊಂಡು ಮೇಷ್ಟ್ರು ಭಾನುವಾರ ಮಧ್ಯಾಹ್ನ ಅವಳ ಸ್ಟೂಲಿನ ಮೇಲೆ ಕೂತರು. ಸೂಜಿಗೆ ದಾರ ಪೋಣಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಸಂಜೆಯಾಗುವಷ್ಟರಲ್ಲಿ ಬೆರಳಿಗೆ ಮೂರು ಸಲ ಚುಚ್ಚಿಕೊಂಡು ಒಂದು ಗುಂಡಿ ಹೊಲಿದಿದ್ದರು; ಮಿಕ್ಕ ಆರು ಮುಚ್ಚಳದಲ್ಲೇ ಉಳಿದವು. ಮೈನಸ್ ನಾಲ್ಕು ಎಂದು ಹೊಲಿದದ್ದು ಮೈನಸ್ ನಾಲ್ಕೂಕಾಲಿನ ಹತ್ತಿರ ವಾಲಿಕೊಂಡು ಕೂತಿತ್ತು. ಅದೂ ಭಾಗಲಬ್ಧವೇನೋ ಹೌದು.

ಪಾಠದ ದಿನ ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಪಟ್ಟಿಯ ಮೇಲೆ ಬೆರಳಾಡಿಸುತ್ತ ಬಂದು ನಿಂತಳು.

"ಸಾರ್, ಇದೊಂದು ಸೊಟ್ಟಗಿದೆ. ಬೇರೆ ಯಾರೋ ಹೊಲಿದಿದ್ದಾ?"

ನಮ್ಮದೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಸೊಟ್ಟಗಿರೋದು ನಂದು," ಎಂದರು. "ಮಿಕ್ಕಿದ್ದೆಲ್ಲ ನಮ್ಮಕ್ಕ ಹೊಲಿದಿದ್ದು. ಹಳೇ ಪಟ್ಟೀನೂ ಅವಳದ್ದೇ."

"ಹಾಗಾದ್ರೆ ಇದನ್ನ ಯಾಕೆ ಪೂರ್ತಿ ಮಾಡಿಲ್ಲ?"

"ಅವಳು ಹೋಗಿಬಿಟ್ಟಳಮ್ಮ."

ಇನ್‌ಸ್ಪೆಕ್ಟರು ಕೆಮ್ಮಿ "ಮುಂದುವರಿಸಿ," ಎಂದರು. ಹುಡುಗಿಗೆ ಏನಾದರೂ ಕೇಳಿ ಮಾತು ಬದಲಿಸಬೇಕೆನಿಸಿತೋ ಏನೋ, "ಬರೀ ಐದು ಕೂಡ ಭಾಗಲಬ್ಧನಾ ಸಾರ್?" ಎಂದಳು.

"ಹೌದಮ್ಮ. ಕೆಳಗೆ ಒಂದಿದೆ. ಬರೆಯೋದಿಲ್ಲ..."

ಅಷ್ಟೆ ಎಂಬುದು ಬಾಯಿಂದ ಹೊರಡಲಿಲ್ಲ. ಮೇಷ್ಟ್ರು ಹಲಗೆಯ ಕಡೆ ತಿರುಗಿದರು. ಐದರ ಕೆಳಗೆ ಗೆರೆ ಎಳೆದು ಒಂದು ಬರೆದರು. ಆರರ ಕೆಳಗೆ, ಏಳರ ಕೆಳಗೆ, ಮೈನಸ್ ಮೂರರ ಕೆಳಗೆ. ಗಂಟೆ ಹೊಡೆಯುವವರೆಗೂ ಬರೆಯುತ್ತಲೇ ಇದ್ದರು. ಮುಖ ಮಾತ್ರ ಈಚೆ ತಿರುಗಿಸಲಿಲ್ಲ.

'ಪೂರ್ಣಾಂಕಗಳ ಕೆಳಗೆ ಒಂದನ್ನು ಬರೆಯುವುದು ಅನಗತ್ಯ. ಕಾಲಹರಣ,' ಎಂದು ಇನ್‌ಸ್ಪೆಕ್ಟರು ವರದಿಯಲ್ಲಿ ಬರೆದರು. ಮೇಷ್ಟ್ರು ಅದನ್ನು ಎರಡು ಸಲ ಓದಿದರು.

"ಇಷ್ಟು ವರ್ಷ ನಾನೂ ಹಾಗೇ ಅಂದ್ಕೊಂಡಿದ್ದೆ ಸ್ವಾಮಿ," ಎಂದು ಸಹಿ ಹಾಕಿದರು.